ಉಗುರಿಗೆ ಮಾತ್ರೆ ಹೇಳುವುದು ನಮ್ಮ ಕೆಲಸವಲ್ಲ: ನೇಲ್ ಸ್ಟುಡಿಯೋ ನಡೆಸುವವರಿಗೆ, ಕಲಿಸುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಬ್ಯೂಟಿ ಅಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನವರು,
ಮತ್ತು ಕರ್ನಾಟಕದ ನೇಲ್ ಸ್ಟುಡಿಯೋ, ಬ್ಯೂಟಿ ಪಾರ್ಲರ್, ತರಬೇತಿ ಕೇಂದ್ರಗಳ ಮಾಲೀಕರು

ಮಾನ್ಯರೇ,

ನಾನು ಬೆಂಗಳೂರಿನಲ್ಲಿ ನೇಲ್ ಟೆಕ್ನಿಷಿಯನ್. ಹಲವು ವರ್ಷಗಳಿಂದ ಇದೇ ನನ್ನ ಅನ್ನ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರಿಗೆ ಕಲಿಸುವುದೂ ನನ್ನ ಪಾಲಿಗೆ ಬಂದಿದೆ. ಅವರು ಕೇಳುವ ಪ್ರಶ್ನೆಗಳಲ್ಲಿ ಒಂದು ಈಗೀಗ ಜಾಸ್ತಿಯಾಗಿದೆ: "ಅಕ್ಕಾ, ಉಗುರು ತೆಳ್ಳಗಾಗಿದೆ, ಸೀಳ್ತಾ ಇದೆ ಅಂತ ಕಸ್ಟಮರ್ ಹೇಳ್ತಾರೆ. ಬಯೋಟಿನ್ ತಗೊಳ್ಳಿ ಅನ್ಲಾ?"

ಬಯೋಟಿನ್ ಅಂದರೆ ಉಗುರು, ಕೂದಲಿಗೆ ಒಳ್ಳೆಯದು ಅಂತ ಮಾರುವ ಒಂದು ಬಿ ವಿಟಮಿನ್. ಅನ್ನಬೇಡ ಅಂತಲೇ ನಾನು ಹೇಳುತ್ತೇನೆ. ಯಾವ ಮಾತ್ರೆಯ ಹೆಸರನ್ನೂ ಹೇಳಬೇಡ, ಎಷ್ಟು ತಗೊಳ್ಳಬೇಕು ಅಂತ ಹೇಳಬೇಡ, ಕೌಂಟರಿನಲ್ಲಿಟ್ಟು ಮಾರಬೇಡ. ಆದರೆ ಸುಮ್ನೆ ಇರಲೂ ಬೇಡ. ನಿನ್ನ ಕಣ್ಣಿಗೆ ಕಂಡದ್ದನ್ನು ಹೇಳು, ನಿನ್ನ ಕೆಲಸದಲ್ಲಿ ತಪ್ಪಿದ್ದರೆ ಮೊದಲು ಅದನ್ನು ತಿದ್ದಿಕೋ, ಉಳಿದದ್ದಕ್ಕೆ ಡಾಕ್ಟರ ಹತ್ತಿರ ಕಳಿಸು. ನಾನೊಬ್ಬಳು ನಾಲ್ಕು ಹುಡುಗಿಯರಿಗೆ ಹೀಗೆ ಹೇಳಿದರೆ ಸಾಲುವುದಿಲ್ಲ. ಅವರು ನಾಳೆ ಬೇರೆ ಕಡೆ ಕೆಲಸಕ್ಕೆ ಹೋದಾಗ ಅಲ್ಲಿ ಬಿಲ್ಲಿಂಗ್ ಟೇಬಲ್ ಮೇಲೆ ಗಮ್ಮಿ (ಮಿಠಾಯಿ ಥರ ಜಗಿಯುವ ವಿಟಮಿನ್) ಡಬ್ಬಿ ಇರುತ್ತದೆ, ಡಬ್ಬಿಗೆ ಇಷ್ಟು ಅಂತ ಇನ್ಸೆಂಟಿವ್ ಇರುತ್ತದೆ. ಅದಕ್ಕೇ ಈ ಪತ್ರ ನಿಮಗೆ.

ಕಸ್ಟಮರ್ ನಮ್ಮನ್ನೇ ಯಾಕೆ ಕೇಳುತ್ತಾರೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಒಂದು ಗಂಟೆ, ಒಂದೂವರೆ ಗಂಟೆ ಅವರ ಕೈ ನಮ್ಮ ಕೈಯಲ್ಲಿರುತ್ತದೆ. ಮನೆ ಕಷ್ಟ, ಆಫೀಸಿನ ಕಷ್ಟ ಎಲ್ಲ ಮಾತಾಡುತ್ತಾರೆ. ಯಾವ ಡಾಕ್ಟರೂ ಹತ್ತು ಬೆರಳನ್ನು ಒಂದೊಂದಾಗಿ ಹಿಡಿದು ಇಷ್ಟು ಹೊತ್ತು ನೋಡುವುದಿಲ್ಲ. ಉಗುರಿನ ವಿಷಯದಲ್ಲಿ ನಮ್ಮ ಮಾತನ್ನು ಅವರು ನಂಬುತ್ತಾರೆ. ಆ ನಂಬಿಕೆ ದೊಡ್ಡದು. ಅದನ್ನು ಒಂದು ಡಬ್ಬಿ ಗಮ್ಮಿ ಮಾರಲು ಖರ್ಚು ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಮೊದಲು ನಮ್ಮ ಮನೆಯೊಳಗಿನ ಮಾತು. ನಮ್ಮ ಮುಂದೆ ಬಂದು ಕೂರುವ ತೆಳು ಉಗುರುಗಳಲ್ಲಿ ಬಹಳಷ್ಟು ವಿಟಮಿನ್ ಕಡಿಮೆಯಾಗಿ ತೆಳುವಾದವಲ್ಲ. ಯಾರೋ ಉಜ್ಜಿ ತೆಳು ಮಾಡಿದವು. ಉಗುರಿಗೆ ಹಚ್ಚಿದ ಜೆಲ್ ಪಾಲಿಶ್ ತೆಗೆಯುವಾಗ ಅದನ್ನು ಸಡಿಲಿಸುವ ಅಸಿಟೋನ್ ದ್ರವ ಹಾಕಿ, ಫಾಯಿಲ್ ಸುತ್ತಿ, ಹತ್ತು ಹದಿನೈದು ನಿಮಿಷ ಕಾಯಬೇಕು. ಕಾದರೆ ಜೆಲ್ ತಾನಾಗಿ ಸಡಿಲವಾಗಿ ಏಳುತ್ತದೆ. ಮುಂದಿನ ಅಪಾಯಿಂಟ್‌ಮೆಂಟ್ ಬಾಗಿಲಲ್ಲಿ ನಿಂತಿರುತ್ತದೆ ಅಂತ ಐದೇ ನಿಮಿಷಕ್ಕೆ ಬಿಚ್ಚಿ ಪುಷರ್‌ನಿಂದ ಕೆರೆದರೆ ಜೆಲ್ ಜೊತೆಗೆ ಉಗುರಿನ ಮೇಲಿನ ಪದರಗಳೂ ಕಿತ್ತು ಬರುತ್ತವೆ. ಡ್ರಿಲ್ ಮಷಿನ್ನಿನ ಬಿಟ್ ಒಂದೇ ಜಾಗದಲ್ಲಿ ನಿಂತರೆ ಕ್ಯೂಟಿಕಲ್ (ಉಗುರಿನ ಬುಡದ ತೆಳು ಚರ್ಮ) ಪಕ್ಕದಲ್ಲಿ ಅರ್ಧಚಂದ್ರದ ಹಾಗೆ ಕೆಂಪು ಗೆರೆ ಬೀಳುತ್ತದೆ. ಆ ಗೆರೆ ಇರುವ ಜಾಗ ಮುಂದಕ್ಕೆ ಬೆಳೆದಾಗ ಅಲ್ಲೇ ಉಗುರು ಮುರಿಯುತ್ತದೆ. ಎಕ್ಸ್‌ಟೆನ್ಶನ್ (ಉದ್ದ ಕಾಣಲು ಜೋಡಿಸುವ ಕೃತಕ ಉಗುರು) ಹಾಕುವ ಮುಂಚೆ ಹೊಳಪು ಹೋಗುವಷ್ಟು ಬಫ್ ಮಾಡಿದರೆ ಸಾಕು. ಗಟ್ಟಿಯಾಗಿ ಹಿಡಿಯಲಿ ಅಂತ ಒರಟು ಫೈಲಿನಲ್ಲಿ ಉಜ್ಜುವವರನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ.

ಕಸ್ಟಮರ್ ಕಡೆಯಿಂದಲೂ ಆಗುತ್ತದೆ. ಅಂಚು ಸ್ವಲ್ಪ ಎದ್ದ ಜೆಲ್ಲನ್ನು ಬಸ್ಸಿನಲ್ಲಿ, ಮೀಟಿಂಗಿನಲ್ಲಿ ಕೂತು ಕೀಳುತ್ತಾರೆ. ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ನೆಲ ಒರೆಸುವುದು, ದಿನಕ್ಕೆ ಹತ್ತಾರು ಸಲ ಕೈ ನೆನೆದು ಒಣಗುವುದು. ಉಗುರು ನೀರು ಹೀರಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಇದೇ ಮತ್ತೆ ಮತ್ತೆ ಆಗುತ್ತಿದ್ದರೆ ತುದಿ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಇದಕ್ಕೆ ಬೇಕಾದದ್ದು ರಬ್ಬರ್ ಗ್ಲೌಸು, ಕೈ ತೊಳೆದ ಮೇಲೆ ಒಂದಿಷ್ಟು ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ. ಕೆಲವರಿಗೆ ಜೆಲ್ಲಿನಲ್ಲಿರುವ ಅಕ್ರಿಲೇಟ್ ರಾಸಾಯನಿಕಕ್ಕೆ ಅಲರ್ಜಿ ಇರುತ್ತದೆ. ಬೆರಳ ತುದಿ ಕೆರೆತ, ಉಗುರು ತಳದಿಂದ ಬಿಟ್ಟುಕೊಳ್ಳುವುದು, ಕೆಲವೊಮ್ಮೆ ಕಣ್ಣಿನ ರೆಪ್ಪೆ ಮೇಲೂ ಗಂಧೆ. ಇಂಥವರಿಗೆ "ವಿಟಮಿನ್ ತಗೊಳ್ಳಿ, ಸರಿ ಹೋಗತ್ತೆ" ಅಂತ ಹೇಳಿ ಮತ್ತೆ ಅದೇ ಜೆಲ್ ಹಚ್ಚುವುದು ಎಷ್ಟು ದೊಡ್ಡ ಅನ್ಯಾಯ ಅಲ್ವಾ?

ಇನ್ನೊಂದು ವಿಷಯ ಪ್ರತಿ ಹೊಸಬಳಿಗೂ ಮೊದಲ ವಾರವೇ ತಿಳಿಯಬೇಕು. ಉಗುರು ಹುಟ್ಟುವುದು ಕ್ಯೂಟಿಕಲ್ ಹಿಂದೆ, ಚರ್ಮದ ಒಳಗಿರುವ ಬುಡದಲ್ಲಿ. ಹೊರಗೆ ಬಂದ ಉಗುರಿಗೆ ಜೀವ ಇಲ್ಲ, ಅದಕ್ಕೆ ರಕ್ತವೂ ಹರಿಯುವುದಿಲ್ಲ. ನುಂಗಿದ ಯಾವ ಮಾತ್ರೆಯೂ ಈಗಾಗಲೇ ತೆಳುವಾದ ಉಗುರನ್ನು ದಪ್ಪ ಮಾಡುವುದಿಲ್ಲ. ಏನಾದರೂ ಆಗುವುದಿದ್ದರೆ ಹೊಸದಾಗಿ ಬೆಳೆಯುವ ಉಗುರಿಗೆ ಮಾತ್ರ. ಕೈ ಉಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿಲಿಮೀಟರ್. ಬುಡದಿಂದ ತುದಿಗೆ ಬರಲು 6 ತಿಂಗಳು ಬೇಕು. ಕಾಲಿನ ಹೆಬ್ಬೆರಳಿನ ಉಗುರಿಗೆ ಒಂದರಿಂದ ಒಂದೂವರೆ ವರ್ಷ. "ಹದಿನೈದು ದಿನದಲ್ಲಿ ರಿಸಲ್ಟ್" ಅನ್ನುವ ಜಾಹೀರಾತು ಸುಳ್ಳು ಅಂತ ತಿಳಿಯಲು ಇಷ್ಟು ಲೆಕ್ಕ ಸಾಕು. ಮಾತ್ರೆ ತಗೊಂಡು ನಾಲ್ಕೈದು ತಿಂಗಳಿಗೆ ಉಗುರು ಚೆನ್ನಾಯಿತು ಅನ್ನುವವರನ್ನು ವಿಚಾರಿಸಿ ನೋಡಿ. ಆ ನಾಲ್ಕೈದು ತಿಂಗಳು ಜೆಲ್ ಬಿಟ್ಟಿರುತ್ತಾರೆ, ಎಣ್ಣೆ ಹಚ್ಚಿರುತ್ತಾರೆ. ಒಳ್ಳೆಯ ಹೆಸರು ಮಾತ್ರ ಮಾತ್ರೆಗೆ.

ಹಾಗಾದರೆ ಬಯೋಟಿನ್ ಬರೀ ಸುಳ್ಳೇ? ಹಾಗೆ ಹೇಳುವುದೂ ನ್ಯಾಯವಲ್ಲ. ಈ ನಂಬಿಕೆ ಶುರುವಾದದ್ದು ಕುದುರೆ, ಹಂದಿಗಳ ಗೊರಸಿನಿಂದ. ಬಯೋಟಿನ್ ಕೊಟ್ಟಾಗ ಗೊರಸು ಗಟ್ಟಿಯಾಗುತ್ತದೆ ಅಂತ ಪಶುವೈದ್ಯರು ಕಂಡರು. ಆಮೇಲೆ ಮನುಷ್ಯರ ಮೇಲೆ ಕೆಲವು ಸಣ್ಣ ಅಧ್ಯಯನಗಳಾದವು. 1990ರಲ್ಲಿ ಪ್ರಕಟವಾದ ಒಂದರಲ್ಲಿ ಬಯೋಟಿನ್ ತಗೊಂಡ ಕೆಲವರ ಉಗುರು 25 ಶೇಕಡಾ ದಪ್ಪವಾಗಿತ್ತು. 1993ರ ಇನ್ನೊಂದರಲ್ಲಿ 35 ಜನರಲ್ಲಿ 22 ಜನರಿಗೆ ಉಪಯೋಗ ಕಂಡಿತು, 13 ಜನರಿಗೆ ಏನೂ ಆಗಲಿಲ್ಲ. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಖಾಲಿ ಮಾತ್ರೆ ಕೊಟ್ಟು ಹೋಲಿಸಿ ನೋಡಿದ ಅಧ್ಯಯನಗಳಲ್ಲ ಇವು. ಮೂವತ್ತು ವರ್ಷದ ಹಿಂದಿನ ಈ ಸಣ್ಣ ಆಧಾರದ ಮೇಲೆಯೇ ಇವತ್ತಿನ ಗಮ್ಮಿ ಮಾರುಕಟ್ಟೆ ನಿಂತಿದೆ. ಒಬ್ಬ ಚರ್ಮದ ಡಾಕ್ಟರು ಪರೀಕ್ಷೆ ಮಾಡಿ, ಬೇರೆ ಕಾಯಿಲೆ ಇಲ್ಲ ಅಂತ ನೋಡಿಕೊಂಡು, ಕೆಲವು ತಿಂಗಳು ತಗೊಂಡು ನೋಡಿ ಅಂದರೆ ಅದು ಅವರ ತೀರ್ಮಾನ. ಅವರು ಓದಿದ್ದಾರೆ, ಹೆಚ್ಚುಕಮ್ಮಿ ಆದರೆ ಉತ್ತರ ಕೊಡುತ್ತಾರೆ. ನಮಗೆ ಆ ಓದೂ ಇಲ್ಲ, ಆ ಅಧಿಕಾರವೂ ಇಲ್ಲ.

ಬಯೋಟಿನ್ ಕೊರತೆ ಸಾಮಾನ್ಯವಾಗಿ ಯಾರಿಗೂ ಬರುವುದಿಲ್ಲ. ಮೊಟ್ಟೆ, ಕಡಲೆಕಾಯಿ, ಗೆಣಸು ಎಲ್ಲದರಲ್ಲೂ ಇದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 30ರಿಂದ 40 ಮೈಕ್ರೋಗ್ರಾಂ. ಅಂಗಡಿಯಲ್ಲಿ ಸಿಗುವ ಎಷ್ಟೋ ಮಾತ್ರೆಗಳಲ್ಲಿ 10,000 ಮೈಕ್ರೋಗ್ರಾಂ ಇರುತ್ತದೆ, ಅಂದರೆ ಕನಿಷ್ಠ 250 ಪಟ್ಟು. ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗುತ್ತದೆ, ಏನೂ ತೊಂದರೆ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ತೊಂದರೆ ಇದೆ. ನಾನು ಈ ಪತ್ರ ಬರೆಯಲು ಮುಖ್ಯ ಕಾರಣವೇ ಅದು.

ಲ್ಯಾಬಿನಲ್ಲಿ ಥೈರಾಯ್ಡ್, ಹೃದಯ, ಹಾರ್ಮೋನುಗಳ ಎಷ್ಟೋ ರಕ್ತ ಪರೀಕ್ಷೆ ಮಾಡುವ ವಿಧಾನದಲ್ಲೇ ಬಯೋಟಿನ್ ಬಳಸುತ್ತಾರೆ. ಪರೀಕ್ಷೆಯ ರಾಸಾಯನಿಕಗಳು ಒಂದಕ್ಕೊಂದು ಅಂಟಿಕೊಳ್ಳುವುದು ಅದರ ಮೂಲಕ. ರೋಗಿಯ ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಅದು ನಡುವೆ ಬಂದು ಸೇರಿ ಲೆಕ್ಕ ಕೆಡಿಸುತ್ತದೆ. ಎಲ್ಲ ಯಂತ್ರಗಳಲ್ಲೂ ಹೀಗಾಗುವುದಿಲ್ಲ, ಆದರೆ ಆಗುವ ಯಂತ್ರಗಳಿವೆ. ಅಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಗೆ ಕೆಲಸ ಹೇಳುವ ಹಾರ್ಮೋನ್) ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಥೈರಾಯ್ಡ್ ಹಾರ್ಮೋನುಗಳಾದ ಟಿ3, ಟಿ4 ಜಾಸ್ತಿ ತೋರಿಸುತ್ತದೆ. ರಿಪೋರ್ಟ್ ನೋಡಿದವರಿಗೆ ಥೈರಾಯ್ಡ್ ವಿಪರೀತ ಕೆಲಸ ಮಾಡುತ್ತಿದೆ ಅನ್ನಿಸುತ್ತದೆ. ಹೃದಯಾಘಾತ ಆಗಿದೆಯೇ ಅಂತ ನೋಡುವ ಟ್ರೋಪೋನಿನ್ ಪರೀಕ್ಷೆ ಇದೆಯಲ್ಲ, ಅದು ಕಡಿಮೆ ತೋರಿಸಬಹುದು. ಎದೆ ನೋವಿಂದ ಬಂದವರನ್ನು ಏನೂ ಇಲ್ಲ ಅಂತ ಮನೆಗೆ ಕಳಿಸುವ ಅಪಾಯ ಅದು. ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರ ನವೆಂಬರ್‌ನಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ಜಾಸ್ತಿ ಬಯೋಟಿನ್ ತಗೊಳ್ಳುತ್ತಿದ್ದ ಒಬ್ಬ ರೋಗಿ, ಟ್ರೋಪೋನಿನ್ ತಪ್ಪಾಗಿ ಕಡಿಮೆ ಬಂದ ಮೇಲೆ ಸತ್ತ ವರದಿ ತನಗೆ ಬಂದಿದೆ ಅಂತ ಅದರಲ್ಲೇ ಹೇಳಿತ್ತು. 2019ರಲ್ಲಿ ಮತ್ತೆ ಎಚ್ಚರಿಸಿತು.

ಇದು ದೂರದ ದೇಶದ ಕಥೆ ಅಂದುಕೊಳ್ಳಬೇಡಿ. ನನ್ನ ಹತ್ತಿರ ಬರುವ ಒಬ್ಬ ಮೇಡಂ ಹಲವು ವರ್ಷಗಳಿಂದ ಥೈರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದಾರೆ. ಮದುವೆ ಸೀಸನ್ನಿನಲ್ಲಿ ಬೇರೊಂದು ಕಡೆ ಎಕ್ಸ್‌ಟೆನ್ಶನ್ ಹಾಕಿಸಿಕೊಂಡರು. ತೆಗೆಸಿದ ಮೇಲೆ ಉಗುರು ಕಾಗದದ ಹಾಗಾಯಿತು. ಅಲ್ಲಿಯವರು ಬಯೋಟಿನ್ ಕೊಟ್ಟರು. ಮುಂದಿನ ಸಲ ರಕ್ತ ಪರೀಕ್ಷೆ ಮಾಡಿಸಿದಾಗ ಟಿಎಸ್‌ಎಚ್ ತುಂಬಾ ಕೆಳಗೆ ಬಂತು. ಡಾಕ್ಟರು ಥೈರಾಯ್ಡ್ ಮಾತ್ರೆ ಕಡಿಮೆ ಮಾಡಿದರು. ಅವರ ಕೈಯಲ್ಲಿದ್ದ ರಿಪೋರ್ಟ್ ಹಾಗೇ ಹೇಳುತ್ತಿತ್ತು. ಆಮೇಲೆ ಶುರುವಾಯಿತು ಸುಸ್ತು, ಮುಖ ಊದುವುದು, ತೂಕ ಏರುವುದು, ಕೂದಲು ಉದುರುವುದು. ಉಗುರು ಇನ್ನಷ್ಟು ಕೆಟ್ಟಿತು. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೂ ಉಗುರು ಬಿರುಸಾಗಿ ಮುರಿಯುತ್ತದೆ. ಕೊನೆಗೆ ಇನ್ನೊಬ್ಬ ಡಾಕ್ಟರು "ಬೇರೆ ಏನಾದರೂ ಮಾತ್ರೆ ತಗೊಳ್ತಿದ್ದೀರಾ?" ಅಂತ ಕೇಳಿದಾಗಲೇ ವಿಷಯ ಹೊರಗೆ ಬಂದದ್ದು. ಮೊದಲೇ ಯಾಕೆ ಹೇಳಿರಲಿಲ್ಲ ಅಂದರೆ ಅವರು ಹೇಳಿದ ಮಾತು ಇದು: "ಅದು ಪಾರ್ಲರಿನಲ್ಲಿ ಕೊಟ್ಟದ್ದಲ್ವಾ, ಔಷಧಿ ಅಂತ ನನಗೆ ಅನ್ನಿಸಲೇ ಇಲ್ಲ." ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಅಪಾಯ ಇರುವುದೇ ಇಲ್ಲಿ. ಮೆಡಿಕಲ್ ಶಾಪಿನಲ್ಲಿ ತಗೊಂಡರೆ ಔಷಧಿ ಅನ್ನುವ ಎಚ್ಚರ ಒಂದಿಷ್ಟಾದರೂ ಇರುತ್ತದೆ. ನೇಲ್ ಪಾಲಿಶ್ ಪಕ್ಕದಲ್ಲಿಟ್ಟ ಡಬ್ಬಿ ಯಾರಿಗೂ ಔಷಧಿಯಾಗಿ ಕಾಣುವುದಿಲ್ಲ. ಡಾಕ್ಟರಿಗೂ ಹೇಳುವುದಿಲ್ಲ, ಲ್ಯಾಬಿನವರಿಗೂ ಹೇಳುವುದಿಲ್ಲ. ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ 2 ದಿನ ಮೊದಲು ಬಯೋಟಿನ್ ನಿಲ್ಲಿಸಿ ಅಂತ ಅಮೆರಿಕದ ಥೈರಾಯ್ಡ್ ಸಂಘ ಹೇಳುತ್ತದೆ. ನಮ್ಮಲ್ಲಿ ಮಾತ್ರೆ ಮಾರುವ ಎಷ್ಟು ಹುಡುಗಿಯರಿಗೆ ಇದು ಗೊತ್ತಿದೆ? ಅವರಿಗೆ ಯಾರು ಹೇಳಿಕೊಟ್ಟಿದ್ದಾರೆ?

"ಹೇರ್, ಸ್ಕಿನ್, ನೇಲ್ಸ್" ಅಂತ ಬರೆದಿರುವ ಡಬ್ಬಿಗಳಲ್ಲಿ ಬಯೋಟಿನ್ ಒಂದೇ ಇರುವುದಿಲ್ಲ. ಸೆಲೆನಿಯಂ ಇರುತ್ತದೆ. ದೇಹಕ್ಕೆ ಅದು ಬೇಕು, ಆದರೆ ತೀರಾ ಸ್ವಲ್ಪ. ದಿನಕ್ಕೆ 40ರಿಂದ 55 ಮೈಕ್ರೋಗ್ರಾಂ. ಬಹಳ ಜಾಸ್ತಿಯಾದರೆ ಕೂದಲು ಉದುರುತ್ತದೆ, ಉಗುರು ಮುರಿದು ಕಳಚಿಕೊಳ್ಳುತ್ತದೆ. ಪಂಜಾಬಿನ ಕೆಲವು ಹಳ್ಳಿಗಳ ಮಣ್ಣಿನಲ್ಲಿ ಸೆಲೆನಿಯಂ ಹೆಚ್ಚಾಗಿ ಅಲ್ಲಿನ ಜನರಲ್ಲಿ ಇದೇ ತೊಂದರೆ ಕಂಡಿದೆ. 2008ರಲ್ಲಿ ಅಮೆರಿಕದಲ್ಲಿ ಒಂದು ಪೂರಕದ (ಸಪ್ಲಿಮೆಂಟ್) ತಯಾರಿಕೆಯಲ್ಲಿ ಸೆಲೆನಿಯಂ ಅಳತೆ ತಪ್ಪಿ ಸುಮಾರು 200 ಜನರ ಆರೋಗ್ಯ ಕೆಟ್ಟಿತು. ಗಟ್ಟಿ ಉಗುರಿನ ಆಸೆಗೆ ಎರಡು ಮೂರು ಕಂಪನಿಯ ಡಬ್ಬಿ ಒಟ್ಟಿಗೆ ತಿನ್ನುವವರು ನಮ್ಮ ಕಸ್ಟಮರುಗಳಲ್ಲೂ ಇದ್ದಾರೆ. ವಿಟಮಿನ್ ಎ ಬಸುರಿಯರಿಗೆ ಜಾಸ್ತಿಯಾದರೆ ಮಗುವಿಗೆ ಅಂಗದೋಷ ಬರಬಹುದು. ನಮ್ಮ ಮುಂದೆ ಕೂತವರು ಬಸುರಿಯೋ ಅಲ್ಲವೋ ನಮಗೆ ಗೊತ್ತಿರುವುದಿಲ್ಲ, ಮೊದಲ ವಾರಗಳಲ್ಲಿ ಅವರಿಗೇ ಗೊತ್ತಿರುವುದಿಲ್ಲ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಥೈರಾಯ್ಡ್ ಮಾತ್ರೆಯ ಜೊತೆಗೆ ಹೊಟ್ಟೆಗೆ ಹೋದರೆ ಥೈರಾಯ್ಡ್ ಮಾತ್ರೆಯನ್ನು ದೇಹ ಸರಿಯಾಗಿ ಹೀರಿಕೊಳ್ಳುವುದಿಲ್ಲ. ನಡುವೆ 4 ಗಂಟೆ ಅಂತರ ಬೇಕು.

ಕ್ಯಾಲ್ಸಿಯಂ ಅಂದಾಗ ನೆನಪಾಯಿತು. ಚಿಕ್ಕವರಿದ್ದಾಗ ಬೆಳ್ಳಕ್ಕಿ ಸಾಲು ಹಾರುವುದು ಕಂಡರೆ ಉಗುರಿಗೆ ಉಗುರು ಉಜ್ಜಿ ಬಿಳಿ ಚುಕ್ಕಿ ಕೊಡು ಅಂತ ಕೂಗುತ್ತಿದ್ದೆವು. ಚುಕ್ಕಿ ಬಂದರೆ ಖುಷಿ. ಈಗ ಅದೇ ಚುಕ್ಕಿ ತೋರಿಸಿ "ನಿಮಗೆ ಕ್ಯಾಲ್ಸಿಯಂ ಕಮ್ಮಿ" ಅನ್ನುತ್ತಾರೆ. ಆ ಚುಕ್ಕಿಗಳು ಬಹುತೇಕ ಉಗುರಿನ ಬುಡಕ್ಕೆ ಬಿದ್ದ ಸಣ್ಣ ಪೆಟ್ಟಿನ ಗುರುತು. ಬಾಗಿಲಿಗೆ ತಗುಲಿದ್ದು, ಕೀಬೋರ್ಡಿಗೆ ಬಡಿದದ್ದು, ಮೆನಿಕ್ಯೂರಿನಲ್ಲಿ ಕ್ಯೂಟಿಕಲ್ ಜೋರಾಗಿ ಒತ್ತಿದ್ದು. ಉಗುರು ಬೆಳೆದ ಹಾಗೆ ಮುಂದೆ ಹೋಗಿ ಕತ್ತರಿಸಿ ಬೀಳುತ್ತವೆ. ಉಗುರಿನಲ್ಲಿ ಕ್ಯಾಲ್ಸಿಯಂ ಇರುವುದೇ ಬಹಳ ಕಡಿಮೆ. ಅದನ್ನು ಗಟ್ಟಿ ಮಾಡುವುದು ಕೆರಾಟಿನ್ ಅನ್ನುವ ಪ್ರೋಟೀನ್.

ಮಾತ್ರೆ ಹೇಳುವುದರಿಂದ ಆಗುವ ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ. ನಿಜವಾದ ಕಾಯಿಲೆ ಪತ್ತೆಯಾಗುವುದು ತಡವಾಗುತ್ತದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು 48 ಶೇಕಡಾ ಜನರಿಗೆ ರಕ್ತಹೀನತೆ ಇದೆ. ದೇಶದಲ್ಲಿ 57 ಶೇಕಡಾ. ನಮ್ಮ ಟೇಬಲ್ಲಿಗೆ ಬರುವವರು ಈ ವಯಸ್ಸಿನವರೇ. ಕಬ್ಬಿಣದ ಅಂಶ ಬಹಳ ಕಡಿಮೆಯಾದರೆ ಉಗುರು ತೆಳುವಾಗಿ, ಚಪ್ಪಟೆಯಾಗಿ, ಕೊನೆಗೆ ಚಮಚದ ಹಾಗೆ ನಡುವೆ ತಗ್ಗಾಗುತ್ತದೆ. ಒಂದು ಹನಿ ನೀರು ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಅಂಥವರಿಗೆ ಬಯೋಟಿನ್ ಗಮ್ಮಿ ಕೊಟ್ಟರೆ ಏನಾಗುತ್ತದೆ? ಆರು ತಿಂಗಳು ಗಮ್ಮಿ ತಿನ್ನುತ್ತಾರೆ. ತಿಂಗಳು ತಿಂಗಳು ಯಾಕೆ ಅಷ್ಟು ರಕ್ತ ಹೋಗುತ್ತಿದೆ ಅಂತ ಯಾರೂ ನೋಡುವುದಿಲ್ಲ, ಹಿಮೋಗ್ಲೋಬಿನ್ ಯಾರೂ ಅಳೆಯುವುದಿಲ್ಲ. ಹಾಗಂತ ನಾವೇ ಕಬ್ಬಿಣದ ಮಾತ್ರೆ ಹೇಳುವುದೂ ತಪ್ಪು. ಥಲಸ್ಸೀಮಿಯಾ ಥರದ, ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವವರಿಗೆ ಸುಮ್ನೆ ಕಬ್ಬಿಣ ಕೊಟ್ಟರೆ ಅದು ದೇಹದಲ್ಲಿ ಸೇರಿಕೊಂಡು ತೊಂದರೆ ಕೊಡಬಹುದು. ರಕ್ತ ಪರೀಕ್ಷೆ ಆಗದೆ ಅದು ಯಾರಿಗೂ ತಿಳಿಯುವುದಿಲ್ಲ.

ಸೂಜಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಗುಳಿಗಳಿದ್ದರೆ ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆ ಇರಬಹುದು. ದಪ್ಪಗಾಗಿ ಹಳದಿ ತಿರುಗಿ ಪುಡಿಪುಡಿಯಾದರೆ ಫಂಗಸ್ ಇರಬಹುದು. ಹತ್ತೂ ಉಗುರಿನ ಮೇಲೆ ಒಂದೇ ಮಟ್ಟದಲ್ಲಿ ಅಡ್ಡ ಗೆರೆ ಇದ್ದರೆ ಕೆಲವು ತಿಂಗಳ ಹಿಂದೆ ಜೋರಾದ ಜ್ವರವೋ ದೊಡ್ಡ ಕಾಯಿಲೆಯೋ ಬಂದಿರಬಹುದು. ಬೆರಳ ತುದಿ ಉಬ್ಬಿ ಉಗುರು ಕೆಳಕ್ಕೆ ಬಾಗಿದ್ದರೆ ಶ್ವಾಸಕೋಶ, ಹೃದಯ ನೋಡಿಸಬೇಕು. ಒಂದೇ ಉಗುರಿನಲ್ಲಿ ಹೊಸದಾಗಿ ಕಪ್ಪು ಪಟ್ಟೆ ಬಂದು ಅಗಲವಾಗುತ್ತಿದ್ದರೆ ತಡ ಮಾಡಲೇಬಾರದು. ನಮ್ಮಂಥ ಕಂದು ಮೈಬಣ್ಣದವರಲ್ಲಿ ಅಂಥ ಪಟ್ಟೆಗಳು ಬಹಳ ಸಲ ನಿರಪಾಯ ನಿಜ. ಆದರೆ ಅಪರೂಪಕ್ಕೆ ಅದು ಕ್ಯಾನ್ಸರ್. ಅದರ ಮೇಲೆ ಜೆಲ್ ಬಳಿದು ಮುಚ್ಚಿ ಕಳಿಸಿದರೆ ಮುಂದಿನ ತಿಂಗಳೂ ನೋಡುವವರಿಲ್ಲ.

ಇದನ್ನೆಲ್ಲ ನಾವು ಕಲಿಯಬೇಕು. ಕಲಿಯುವುದು ಕಾಯಿಲೆಯ ಹೆಸರು ಹೇಳುವುದಕ್ಕಲ್ಲ. "ನಿಮಗೆ ಸೋರಿಯಾಸಿಸ್" ಅಂತ ಹೇಳುವ ಹಕ್ಕು ನಮಗಿಲ್ಲ. ನಾನು ಹುಡುಗಿಯರಿಗೆ ಕಲಿಸುವ ಮಾತು ಹೀಗಿದೆ: "ಮೇಡಂ, ಈ ಉಗುರು ಸ್ವಲ್ಪ ಬೇರೆ ಥರ ಕಾಣ್ತಿದೆ. ಇದು ನಮ್ಮ ಕೆಲಸದಿಂದ ಆದದ್ದಲ್ಲ ಅನ್ಸತ್ತೆ. ಒಂದು ಸಲ ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ಇದರ ಮೇಲೆ ನಾವು ಏನೂ ಹಾಕೋದು ಬೇಡ." ಹೆದರಿಸುವುದಿಲ್ಲ, ಮುಚ್ಚಿಡುವುದೂ ಇಲ್ಲ. ಬೇಕಾದರೆ ಅವರ ಮೊಬೈಲಿನಲ್ಲೇ ಒಂದು ಫೋಟೋ ತೆಗೆದುಕೊಡುತ್ತೇವೆ, ಡಾಕ್ಟರಿಗೆ ತೋರಿಸಲು ಅನುಕೂಲ ಅಂತ.

ಇದಕ್ಕೆ ಬರುವ ಎದುರು ಮಾತು ನನಗೆ ಗೊತ್ತು. "ಚರ್ಮದ ಡಾಕ್ಟರ ಫೀಸು ಎಷ್ಟು ಗೊತ್ತಾ? ಉಗುರು ಸೀಳಿತು ಅಂತ ಯಾರು ಹೋಗ್ತಾರೆ?" ಮಾತು ನಿಜ. ಆದರೆ ಎಲ್ಲದಕ್ಕೂ ದೊಡ್ಡ ಸ್ಪೆಷಲಿಸ್ಟ್ ಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ನಗರದಲ್ಲಿ ಸರ್ಕಾರದ "ನಮ್ಮ ಕ್ಲಿನಿಕ್" ಕೇಂದ್ರಗಳಲ್ಲಿ ತೋರಿಸಬಹುದು, ಹಿಮೋಗ್ಲೋಬಿನ್ ನೋಡಿಸಬಹುದು. ಎರಡು ಮೂರು ತಿಂಗಳು ಗಮ್ಮಿಗೆ ಸುರಿಯುವ ದುಡ್ಡಿಗೆ ಹೋಲಿಸಿದರೆ ಆ ಖರ್ಚು ಏನೂ ಅಲ್ಲ. ಜೆಲ್‌ನಿಂದ ಹಾಳಾದ ಉಗುರಿಗಂತೂ ಡಾಕ್ಟರೂ ಬೇಡ, ಮಾತ್ರೆಯೂ ಬೇಡ. ಕೆಲವು ತಿಂಗಳು ಬಿಡುವು ಬೇಕು. ಆ ಬಿಡುವನ್ನು ಕೊಡಿ ಅಂತ ಹೇಳುವ ಧೈರ್ಯ ನಮಗೆ ಬೇಕು. ಹಾಗೆ ಹೇಳಿದರೆ ಆ ತಿಂಗಳ ಅಪಾಯಿಂಟ್‌ಮೆಂಟ್ ಹೋಗುತ್ತದೆ. ಮಾತ್ರೆ ಹೇಳಿದರೆ ಅಪಾಯಿಂಟ್‌ಮೆಂಟೂ ಉಳಿಯುತ್ತದೆ, ಡಬ್ಬಿಯ ದುಡ್ಡೂ ಬರುತ್ತದೆ. ಮಾಲೀಕರೇ, ನಮ್ಮ ವೃತ್ತಿಯಲ್ಲಿ ಮಾತ್ರೆ ಇಷ್ಟು ಬೇಗ ಬೇರು ಬಿಡಲು ಇದೇ ಕಾರಣ ಅಂತ ನಾನು ನಂಬಿದ್ದೇನೆ.

ಕೆಲಸ ಮಾಡುವ ಹುಡುಗಿಯರ ಕಡೆಯಿಂದ ಒಮ್ಮೆ ನೋಡಿ. ಬೆಂಗಳೂರಿನ ಸ್ಟುಡಿಯೋಗಳಲ್ಲಿ ನಮ್ಮ ಜಿಲ್ಲೆಗಳಿಂದ ಬಂದವರಿದ್ದಾರೆ, ಈಶಾನ್ಯ ರಾಜ್ಯಗಳಿಂದ ಬಂದವರಿದ್ದಾರೆ. ಸಂಬಳ ಸಣ್ಣದು, ಪಿಜಿ ಬಾಡಿಗೆ ದೊಡ್ಡದು, ಮನೆಗೂ ಕಳಿಸಬೇಕು. ತಿಂಗಳ ಟಾರ್ಗೆಟ್ ಮುಟ್ಟಿದರಷ್ಟೇ ಇನ್ಸೆಂಟಿವ್. ಆ ಟಾರ್ಗೆಟ್ಟಿನಲ್ಲಿ ಗಮ್ಮಿ ಡಬ್ಬಿಯನ್ನೂ ಸೇರಿಸಿದರೆ ಅವಳು ಮಾರದೆ ಏನು ಮಾಡುತ್ತಾಳೆ? ನಾಳೆ ಯಾರಿಗಾದರೂ ತೊಂದರೆಯಾದಾಗ "ನಮ್ಮ ಹುಡುಗಿ ಹೇಳಿದ್ದು, ನಮಗೆ ಗೊತ್ತಿಲ್ಲ" ಅನ್ನುವವರೂ ನಾವೇ. ಗೊತ್ತಿಲ್ಲದ ವಿಷಯಕ್ಕೆ ಅವಳನ್ನು ಹೊಣೆ ಮಾಡಬೇಡಿ.

ಕಾನೂನಿನ ಮಾತೂ ಇದೆ. ಆರೋಗ್ಯ ಪೂರಕಗಳು ನಮ್ಮ ದೇಶದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮದ ಕೆಳಗೆ ಬರುತ್ತವೆ. ಮಾರುವವರು ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಲೈಸೆನ್ಸ್ ಮಾಡಿಸಿರಬೇಕು. ಔಷಧಿಯಾಗಿ ಬರುವ ಮಾತ್ರೆಗಳಿಗೆ ಔಷಧಿ ಮಾರಾಟದ ಪರವಾನಗಿಯೇ ಬೇಕು. ಪೂರಕದ ಡಬ್ಬಿಯ ಮೇಲೆ ಇದು ಔಷಧಿಯಾಗಿ ಬಳಸಲು ಅಲ್ಲ ಅಂತ ಬರೆದಿರುತ್ತದೆ. ಅದನ್ನೇ ನಾವು ಉಗುರಿನ ತೊಂದರೆಗೆ ಮದ್ದು ಅಂತ ಕೈಗೆ ಕೊಡುವುದು ಹೇಗೆ ಸರಿ?

ಸ್ಕಿಲ್ ಕೌನ್ಸಿಲ್‌ನವರಲ್ಲಿ ನನ್ನ ಕೋರಿಕೆ ಇದು. ಯಾವ ಉಗುರನ್ನು ಮುಟ್ಟಬಾರದು ಅನ್ನುವುದನ್ನು ಈಗಲೂ ತರಬೇತಿಯಲ್ಲಿ ಹೇಳಿಕೊಡುತ್ತಾರೆ, ಆದರೆ ಎಷ್ಟೋ ಕೇಂದ್ರಗಳಲ್ಲಿ ಅದು ಒಂದು ಮಧ್ಯಾಹ್ನದಲ್ಲಿ ಮುಗಿದುಹೋಗುತ್ತದೆ. ಅದಕ್ಕೆ ಸರಿಯಾದ ಸಮಯ ಕೊಡಿ. ಒಬ್ಬ ಚರ್ಮದ ಡಾಕ್ಟರನ್ನು ಕರೆಸಿ ಬೇರೆ ಬೇರೆ ಮೈಬಣ್ಣದವರ ಉಗುರಿನ ಚಿತ್ರ ತೋರಿಸಿ ಪಾಠ ಮಾಡಿಸಿ. ಮಾತ್ರೆ, ಗಮ್ಮಿ, ಪುಡಿ ಯಾವುದನ್ನೂ ಟೆಕ್ನಿಷಿಯನ್ ಹೇಳಬಾರದು, ಮಾರಬಾರದು ಅನ್ನುವುದನ್ನು ಬರಹದಲ್ಲಿ ನಿಯಮವಾಗಿ ತನ್ನಿ. ಪಾಠ ಕನ್ನಡದಲ್ಲೂ ಸಿಗಲಿ. ಹಾಸನದಿಂದಲೋ ರಾಯಚೂರಿನಿಂದಲೋ ಬಂದ ಹುಡುಗಿಗೆ ಇಂಗ್ಲಿಷ್ ಕೈಪಿಡಿ ಕೊಟ್ಟು ಸಹಿ ಹಾಕಿಸಿಕೊಂಡರೆ ಅದನ್ನು ಕಲಿಸಿದ್ದು ಅನ್ನಲಾಗದು. ಜೆಲ್ ಸರಿಯಾಗಿ ತೆಗೆಯುವುದನ್ನು ಹಚ್ಚುವುದರಷ್ಟೇ ಕಟ್ಟುನಿಟ್ಟಾಗಿ ಪರೀಕ್ಷೆ ಮಾಡಿ. ಸರ್ಟಿಫಿಕೇಟ್ ಕೊಡುವ ಮೊದಲು ತೆಗೆಯುವ ಕೆಲಸ ನೋಡಿ ಅಂಕ ಕೊಡಿ. ಇದೊಂದು ಆದರೆ ತೆಳು ಉಗುರಿನ ದೂರುಗಳೇ ಎಷ್ಟೋ ಕಡಿಮೆಯಾಗುತ್ತವೆ.

ಮಾಲೀಕರಲ್ಲಿ ಕೇಳುವುದು ಕಡಿಮೆ, ಆದರೆ ಕಷ್ಟದ್ದು. ಕೌಂಟರಿನಿಂದ ಆ ಡಬ್ಬಿಗಳನ್ನು ತೆಗೆಯಿರಿ. ಅದರ ಟಾರ್ಗೆಟ್ ತೆಗೆಯಿರಿ. ಹೋದ ಆದಾಯಕ್ಕೆ ಬದಲಾಗಿ ಜೆಲ್ ತೆಗೆಯುವ ಕೆಲಸಕ್ಕೆ, ಉಗುರಿಗೆ ಬಿಡುವು ಕೊಡುವ ತಿಂಗಳುಗಳಲ್ಲಿ ಮಾಡುವ ಆರೈಕೆಗೆ ನ್ಯಾಯವಾದ ಬೆಲೆ ಇಡಿ. ಜನ ಕೊಡುತ್ತಾರೆ, ಕೊಡುವುದನ್ನು ನಾನು ನೋಡಿದ್ದೇನೆ. ಜೆಲ್ ತೆಗೆಯಲು ಹುಡುಗಿಗೆ ಪೂರ್ತಿ ಅರ್ಧ ಗಂಟೆ ಕೊಡಿ. ಮೊದಲ ಸಲ ಬಂದವರ ಹತ್ತಿರ ತುಂಬಿಸುವ ಕಾರ್ಡಿನಲ್ಲಿ ಎರಡು ಪ್ರಶ್ನೆ ಸೇರಿಸಿ: ಉಗುರಿಗೆ, ಕೂದಲಿಗೆ ಅಂತ ಏನಾದರೂ ಮಾತ್ರೆ ತಗೊಳ್ಳುತ್ತಿದ್ದೀರಾ, ಅದು ನಿಮ್ಮ ಡಾಕ್ಟರಿಗೆ ಗೊತ್ತಿದೆಯೇ? ತಗೊಳ್ಳುತ್ತಿದ್ದೇನೆ ಅಂದವರಿಗೆ ನಿಲ್ಲಿಸಿ ಅಂತ ನಾವು ಹೇಳುವುದು ಬೇಡ. ಮುಂದಿನ ರಕ್ತ ಪರೀಕ್ಷೆಗೆ ಹೋಗುವ ಮೊದಲು ಡಾಕ್ಟರಿಗೆ, ಲ್ಯಾಬಿನವರಿಗೆ ತಿಳಿಸಿ ಅಂತ ನೆನಪು ಮಾಡಿದರೆ ಸಾಕು.

ಡಾಕ್ಟರುಗಳು, ಲ್ಯಾಬಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ರಕ್ತ ತೆಗೆಯುವ ಮುಂಚೆ "ಊಟ ಆಗಿದೆಯಾ?" ಅಂತ ಕೇಳುವಾಗ "ಕೂದಲು, ಉಗುರಿಗೆ ಮಾತ್ರೆ ತಗೊಳ್ತೀರಾ?" ಅಂತಲೂ ಕೇಳಿ. ಔಷಧಿ ಅಂದರೆ ಜನರಿಗೆ ನೆನಪಾಗುವುದಿಲ್ಲ, ಉಗುರಿನ ಗಮ್ಮಿ ಅಂದರೆ ನೆನಪಾಗುತ್ತದೆ. ನಾವು ಕಳಿಸಿದವರು ಬಂದಾಗ "ಪಾರ್ಲರಿನವರ ಮಾತು ಕೇಳಿಕೊಂಡು ಬಂದ್ರಾ?" ಅಂತ ನಗಬೇಡಿ. ಹಾಗೆ ನಕ್ಕರೆ ಮುಂದಿನ ಸಲ ಅವರು ನಿಮ್ಮ ಹತ್ತಿರ ಬರುವುದಿಲ್ಲ, ಗಮ್ಮಿ ಡಬ್ಬಿಯ ಹತ್ತಿರ ಹೋಗುತ್ತಾರೆ.

ಕೌನ್ಸಿಲ್‌ನವರು ಈ ಪಾಠವನ್ನು ಕನ್ನಡದಲ್ಲಿ ಸಿದ್ಧ ಮಾಡುವುದಾದರೆ ನಾನು ಮತ್ತು ನನ್ನ ಜೊತೆ ಕೆಲಸ ಮಾಡುವವರು ಕೂತು ಬರೆದುಕೊಡಲು ತಯಾರಿದ್ದೇವೆ. ವೈದ್ಯಕೀಯ ಭಾಗವನ್ನು ಡಾಕ್ಟರುಗಳೇ ನೋಡಿ ತಿದ್ದಲಿ. ಜೆಲ್ ತೆಗೆಯುವ ಪಾಠ ನಮಗೆ ಬಿಡಿ. ವಾರದ ರಜೆ ಸೋಮವಾರ, ಆ ದಿನ ಯಾವ ಕೇಂದ್ರಕ್ಕೆ ಕರೆದರೂ ಬಂದು ಹೇಳಿಕೊಡುತ್ತೇವೆ.

ಇಂತಿ ನಿಮ್ಮ,
ಬೆಂಗಳೂರಿನ ಒಬ್ಬ ನೇಲ್ ಟೆಕ್ನಿಷಿಯನ್